ಎಷ್ಟು ಮಿಲ್ಲಿಮೀಟರು

ಜನವರಿ. ಶುವೈಖ್ ಬಂದರಿನ ಸ್ಟೋರಿನಲ್ಲಿ
ಮೂರು ರಬ್ಬರ್ ಸೂಟುಗಳು ನೇತಾಡುತ್ತಿವೆ,
ತಲೆಯಿಲ್ಲದ ಅಣ್ಣತಮ್ಮಂದಿರ ಹಾಗೆ:
ಮೂರು, ಐದು, ಏಳು.
ಕೀಲಿ ಹಿಡಿದ ರೊಡೆಲ್ ಕೇಳುತ್ತಾನೆ, "ಇವತ್ತು ಎಷ್ಟು?"
ಮೀನಿನ ಬುಟ್ಟಿಯ ಮುಂದೆ ಕೂತು ದರ ಕೇಳಿದ ಹಾಗೆ.

ನೀರು ಹದಿನಾಲ್ಕು ಡಿಗ್ರಿ.
ಗಲ್ಫೆಂದರೆ ಬರೀ ಬೆಂಕಿ ಎಂದುಕೊಂಡ ನಮ್ಮೂರವರಿಗೆ
ಫೋನಿನಲ್ಲಿ ಇದನ್ನು ನಂಬಿಸಲಾಗಿಲ್ಲ.
ಆಗಸ್ಟಿನಲ್ಲಿ ಇದೇ ಕಡಲು ಬಾಣಂತಿ ಮನೆಯ ಹಂಡೆ,
ಬನಿಯನ್ನಿನಲ್ಲಿ ಇಳಿದರೂ ಬೇಯುತ್ತೇವೆ.
ಈಗ ಮುಖ ಅದ್ದಿದರೆ
ಹಲ್ಲಿನ ಬೇರಿಗೇ ಸೂಜಿ.

ಗಂಗೊಳ್ಳಿಯ ಬಂಡೆಗಳಡಿ ಪಚ್ಚಿಲೆ ಕೀಳಲು
ಮುಳುಗುತ್ತಿದ್ದವನು ನಾನು.
ಅಲ್ಲಿ ಚರ್ಮವೇ ಸೂಟು.
ಅದರ ದಪ್ಪ ಯಾರೂ ಕೇಳಿರಲಿಲ್ಲ.

ಇಲ್ಲಿಗೆ ಬಂದ ಮೊದಲ ವರ್ಷ ಏಳನ್ನೇ ಹಾಕಿದೆ.
ದಪ್ಪ ಇದ್ದಷ್ಟೂ ಒಳ್ಳೆಯದು ಅನ್ನುವುದು
ಕಂಬಳಿಯ ಲೆಕ್ಕ ಮಾರಾಯ್ರೇ, ಕೆಲಸದ್ದಲ್ಲ.
ತೆಂಗಿನಕಾಯಿಯ ಹಾಗೆ ತೇಲಿದೆ.
ಸೊಂಟಕ್ಕೆ ಇನ್ನೂ ನಾಲ್ಕು ಕಿಲೋ ಸೀಸ ಕಟ್ಟಿ ಮುಳುಗಿಸಿದರು.
ಹಡಗಿನ ಹೊಟ್ಟೆಯಡಿ ಅಂಗಾತ, ಒಂದೊಂದು ಚಿಪ್ಪು ಕೆರೆಯಲೂ
ಮೊಣಕೈ ಚಾಚಿದರೆ ರಬ್ಬರು ಹಿಂದಕ್ಕೆ ಎಳೆಯುತ್ತದೆ,
ಮಡಚಿದರೆ ಒತ್ತಿ ಬಿಡಿಸುತ್ತದೆ.
ಹತ್ತು ನಿಮಿಷಕ್ಕೆ ಒಳಗೆಲ್ಲ ಬಿಸಿ ಗಂಜಿ.
ಕೊರೆಯುವ ಕಡಲಿನ ಮಧ್ಯೆ ಸೆಕೆಯಾಗಿ ಮೇಲೆ ಬಂದವನನ್ನು ನೋಡಿ
ಮೇಸ್ತ್ರಿ ಫತ್‌ಹಿ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಮರುವರ್ಷ ಮೂರು.
ಕೈ ಹಗುರ. ಚಿಪ್ಪುಗಳು ಹುರಿಗಡಲೆಯ ಹಾಗೆ ಉದುರಿದವು.
ಗೆದ್ದೆ ಅಂದುಕೊಳ್ಳುವಾಗ
ಮೇಲಿನಿಂದ ಹಗ್ಗ ಎರಡು ಸಲ ಜಗ್ಗಿತು:
ನಿಲ್ಲು.
ಯಾವುದೋ ಟಗ್ಗು ಹಾದುಹೋಗಬೇಕಂತೆ.
ನಿಂತೆ. ಇಪ್ಪತ್ತು ನಿಮಿಷ.
ಚಳಿ ಸಾಲ ಕೇಳಲು ಬಂದ ನೆಂಟನ ಹಾಗೆ ನಯವಾಗಿ
ಜಿಪ್ಪಿನ ಬದಿಯಿಂದ ಬಂತು, ಬೆನ್ನಿಗೆ ಒರಗಿ ಕೂತಿತು,
ಎದ್ದು ಹೋಗುವ ಮಾತೇ ಆಡಲಿಲ್ಲ.
ಕೆರೆಯುವ ಉಳಿ ಕೈಯಿಂದ ಜಾರಿತು.
ಜಾರಿದ್ದು ಗೊತ್ತಾಗಲಿಲ್ಲ.

ಗೋಡೆಯ ಮೇಲೆ ಒಂದು ಪಟ್ಟಿ ಅಂಟಿಸಿದ್ದಾರೆ:
ಇಷ್ಟು ಡಿಗ್ರಿಗೆ ಇಷ್ಟು ಮಿಲ್ಲಿಮೀಟರು.
ಎಷ್ಟು ಹೊತ್ತು ದುಡಿತ, ಎಷ್ಟು ಹೊತ್ತು ಸುಮ್ಮನೆ ಕಾಯುವುದು
ಅದಕ್ಕೊಂದು ಸಾಲಿಲ್ಲ.
"ಇವತ್ತು ತಡೆಯೇ ಇಲ್ಲ, ಒಂದೇ ಸಮನೆ ಕೆಲಸ" ಅನ್ನುತ್ತಾನೆ ಫತ್‌ಹಿ.
ಹೋದ ಸಲವೂ ಅಂದಿದ್ದ.

"ಐದು ಕೊಡು" ಅಂದೆ ರೊಡೆಲ್‌ಗೆ,
"ಒಳಗೆ ಹಾಕಲು ಆ ಹರಿದ ಮೂರನ್ನೂ."
ಅದರ ತೋಳು ನಾನೇ ಕತ್ತರಿಸಿಟ್ಟಿದ್ದೆ, ಕಳೆದ ಚಳಿಗಾಲದಲ್ಲಿ.
"ಹಾಗಾದರೆ ಎಂಟು ಅಂತ ಬರೆಯಲೆ?"
"ಎದೆಗೆ ಎಂಟು, ತೋಳಿಗೆ ಐದು ಅಂತ ಬರಿ."
ಅವನು ರಿಜಿಸ್ಟರು ನೋಡಿದ. ಅಷ್ಟು ಜಾಗವಿರಲಿಲ್ಲ.
ಐದು ಅಂತ ಬರೆದ.

ಕತ್ತಿನೊಳಗೆ ಒಂದು ಲೋಟ ಬಿಸಿನೀರು ಸುರಿದು
ಬೆನ್ನು ತಟ್ಟಿ ಕಳಿಸಿದ ಶೊಹಾಗ್.
ನೊವಾಖಾಲಿಯವನು, ನನ್ನ ಹಗ್ಗ ಹಿಡಿಯುವವನು.

ತೋಳು ಮಾತು ಕೇಳಿತು. ಎದೆ ಬೆಚ್ಚಗಿತ್ತು.
ಚುಕ್ಕಾಣಿಯ ಹತ್ತಿರ ಬರುವಾಗ ಎರಡು ಜಗ್ಗು: ನಿಲ್ಲು.
ಅಂದುಕೊಂಡೇ ಇದ್ದೆ.
ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ತೂಗಿದೆ.
ಎಲ್ಲ ಮುಳುಗುಗಾರರೂ ಮಾಡುವ, ಯಾರೂ ಒಪ್ಪಿಕೊಳ್ಳದ
ಒಂದು ಕೆಲಸ ಮಾಡಿದೆ.
ತೊಡೆಗಳು ಒಂದು ನಿಮಿಷ ಬೆಚ್ಚಗಾದವು.

ಆಗ ಹಗ್ಗ ಅಲುಗಿತು.
ಒಂದಲ್ಲ, ಎರಡಲ್ಲ, ಎಣಿಸಲಾಗದ ಸಣ್ಣ ಸಣ್ಣ ನಡುಕ.
ಇಂಥ ಸಂಜ್ಞೆ ನಮಗೆ ಕಲಿಸಿಲ್ಲ.
ಗಾಬರಿಯಾಯಿತು. ಆಮೇಲೆ ತಿಳಿಯಿತು:

ಮೇಲೆ ಶಮಾಲ್ ಗಾಳಿ. ಸೇದುವ ಹಾಗಿಲ್ಲ, ಏಳುವ ಹಾಗಿಲ್ಲ.
ಹಳೆ ಬಟ್ಟೆ ಅಂಗಡಿಯ, ಯಾರದೋ ಮದುವೆಯ ಕೋಟು ತೊಟ್ಟು
ಹಲಗೆಯ ಮೇಲೆ ಕೂತಿದ್ದಾನೆ ಶೊಹಾಗ್.
ಆ ಕೋಟು ಎಷ್ಟು ಮಿಲ್ಲಿಮೀಟರು, ಯಾರೂ ಅಳೆದಿಲ್ಲ.

ಒಂದು ಸಲ ಜಗ್ಗಿದೆ:
ಇದ್ದೇನೆ.
ತುಸು ಹೊತ್ತು ಬಿಟ್ಟು, ನಡುಗುತ್ತಲೇ,
ಒಂದು ಜಗ್ಗು ಬಂತು.